ನಡುವೆ ಕೂತ ಅತ್ತೆ

ನಮ್ಮ ಮುಂಬಾಗಿಲಿಗೆ ಒಂದು ಕಬ್ಬಿಣದ ಗುಂಡು ಒತ್ತಿಟ್ಟಿದ್ದೇನೆ. ಆಕ್ಲೆಂಡಿನ ಈ ಮಾಂಗೆರೆ ಬಡಾವಣೆಯ ಗಾಳಿ ಒಳ್ಳೆಯ ಗಾಳಿಯಲ್ಲ, ಹಗಲೆಲ್ಲ ಬಾಗಿಲು ಬಡಿದು ತಲೆ ಚಿಟ್ಟು ಹಿಡಿಸುತ್ತದೆ. ಗುಂಡು ತೂಕದ್ದು, ಅಲುಗುವುದಿಲ್ಲ. ಬಂದವರು ಎಡವುತ್ತಾರೆ, ಕಾಲ್ಬೆರಳು ಹಿಡಿದುಕೊಂಡು ನನ್ನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ. ಅದು ಅಲ್ಲೇ ಇರುತ್ತದೆ.

ಆ ಬುಧವಾರ ಸಂಜೆ ಅದನ್ನು ಎಡವಿದ್ದು ನನ್ನ ತಮ್ಮನ ಮಗಳು ಅಕನೇಸಿ. ನಾವೆಲ್ಲ ನೇಸಿ ಎನ್ನುತ್ತೇವೆ. ಹುಟ್ಟಿದ್ದು ಇಲ್ಲೇ ಆಕ್ಲೆಂಡಿನಲ್ಲಿ, ಆಡುವುದು ಟೋಂಗಾ ದೇಶದ ಹೆಂಗಸರ ರಗ್ಬಿ ತಂಡದಲ್ಲಿ. ಎದುರಾಳಿ ತಪ್ಪು ಮಾಡಿದಾಗ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕಂಬಗಳ ನಡುವೆ ಒದ್ದು ಅಂಕ ತರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ. ನನ್ನ ಭುಜ, ನನ್ನ ಹಟ, ಅವಳಮ್ಮನ ಮುಖ. ಸದ್ಯ, ಮುಖವಾದರೂ ಚೆನ್ನಾಗಿದೆ.

"ಅತ್ತೆ, ನಾನು ತಂಡ ಬಿಡ್ತಿದೀನಿ" ಅಂದಳು, ಇನ್ನೂ ಕಾಲು ಉಜ್ಜಿಕೊಳ್ಳುತ್ತಲೇ.

ಮುಂದಿನ ವಾರದ ಶನಿವಾರ ಸಮೋವಾ ಜೊತೆ ಪಂದ್ಯ. ಗೆದ್ದವರಿಗೆ ವಿಶ್ವಕಪ್ಪು, ಸೋತವರಿಗೆ ಮನೆ. ಪಕ್ಕದ ಮನೆಯ ಸಮೋವಾದವಳು ಸಿನಿವಾ ಆಗಲೇ ಬೇಲಿಯ ಮೇಲೆ ತನ್ನ ದೇಶದ ನೀಲಿ ಬಾವುಟ ಒಣಹಾಕಿದ್ದಳು, ಒಗೆಯದೆಯೇ. ಇಂಥ ಹೊತ್ತಿನಲ್ಲಿ ಈ ಹುಡುಗಿಗೆ ತಂಡ ಬಿಡುವ ಯೋಚನೆ.

"ಕಾಲಿಗೆ ಏನಾದ್ರೂ ಆಯ್ತಾ?"

"ಇಲ್ಲ."

"ಮತ್ತೆ ತಲೆಗೆ ಆಗಿರಬೇಕು."

"ಅಣ್ಣ ಬಂದಿದಾನೆ ಅತ್ತೆ. ಒದೆತ ಹೇಳ್ಕೊಡೋಕೆ ಅವನನ್ನೇ ತಗೊಂಡಿದಾರೆ."

ನಾನು ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ನಮ್ಮ ಟೋಂಗಾದವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮಲ್ಲಿ ವಯಸ್ಸಿಗೆ ಬಂದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಒಟ್ಟಿಗೆ ಟಿವಿ ನೋಡುವುದಿಲ್ಲ, ತಮಾಷೆಯ ಮಾತಂತೂ ಇಲ್ಲವೇ ಇಲ್ಲ. ಹಾಗಿರುವಾಗ ತಂಗಿ ಮೊಣಕಾಲ ಮೇಲಿನ ಚಡ್ಡಿ ಹಾಕಿಕೊಂಡು ನಿಂತರೆ, ಅಣ್ಣ ಪಕ್ಕದಲ್ಲಿ ಬಗ್ಗಿ ಅವಳ ಕಾಲು ನೋಡುತ್ತಾ ಪಾಠ ಹೇಳುವುದೆಂದರೆ ಏನು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತದೆ.

ಒದೆತ ಕಲಿಸುತ್ತಿದ್ದ ಹಳೆಯ ತರಬೇತುದಾರ ನಡುನೀರಿನಲ್ಲಿ ಕೈಬಿಟ್ಟು ಹೋದನಂತೆ. ತಂಡದ ವ್ಯವಸ್ಥಾಪಕ ನಮ್ಮ ಚರ್ಚಿನವನೇ, ನಮ್ಮ ರಕ್ತದವನೇ. ಅವನಾದರೂ ಬಾಯಿ ಬಿಡಬಹುದಿತ್ತು. ಆಮೇಲೆ ಕೇಳಿದರೆ, "ಲುಸಿಯಾನೆ, ಇವರು ಇಲ್ಲೇ ಹುಟ್ಟಿದ ಮಕ್ಕಳು, ಇವರಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ ಅಂದ್ಕೊಂಡೆ" ಅಂದ. ಅವನನ್ನು ಬೈಯುವ ಬಾಯಿ ನನಗೂ ಇರಲಿಲ್ಲ, ಯಾಕೆಂದರೆ ನಾನೂ ಹಾಗೇ ಅಂದುಕೊಂಡಿದ್ದವಳು. ಈ ಮಕ್ಕಳ ಟೋಂಗನ್ ಭಾಷೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಹಾಸಿಗೆಯಲ್ಲಿ ಬಿದ್ದಿರುತ್ತಾರೆ. ದೇವರ ಮುಂದೆ, ದೊಡ್ಡವರ ಮುಂದೆ ಗೌರವಕ್ಕೆ ನಮ್ಮವರ ಹಾಗೆ ಸೊಂಟಕ್ಕೆ ಚಾಪೆ ಸುತ್ತಿಕೊಳ್ಳಿ ಅಂದರೆ ಚುಚ್ಚುತ್ತದೆ ಅನ್ನುತ್ತಾರೆ. ಎಲ್ಲ ಕಳಕೊಂಡವರು ಎಂದು ನಾನು ಮೂರು ಹೊತ್ತೂ ಗೊಣಗುತ್ತಿದ್ದೆ. ಆದರೆ ನೇಸಿಗೆ ಹನ್ನೆರಡು ತುಂಬಿದ ವರ್ಷ ಅವಳ ಅಣ್ಣ ಮೈಕೋಲೋ ತಾನಾಗಿಯೇ ಹಾಸಿಗೆ ಸುತ್ತಿಕೊಂಡು ಗ್ಯಾರೇಜಿಗೆ ಹೋಗಿ ಮಲಗಲು ಶುರುಮಾಡಿದ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನಿಮ್ಮ ದೊಡ್ಡ ತರಬೇತುದಾರಳು ಏನಂತಾಳೆ?"

"ಬ್ರೆಂಡಾನಾ? ನಾವಿಬ್ರೂ ಜಗಳ ಆಡ್ಕೊಂಡಿದೀವಿ ಅಂದ್ಕೊಂಡಿದಾಳೆ. ಮನೆ ಜಗಳ ಮೈದಾನಕ್ಕೆ ತರಬೇಡಿ ಅಂದ್ಲು. ನಾನು ಮೈದಾನದ ಎಡಗಡೆಯಿಂದ ಒದ್ದಿದ್ದೆಲ್ಲ ತಪ್ತಾ ಇದೆ. ಅಣ್ಣ ಬಂದು ಪಕ್ಕದ ಹುಡುಗಿಗೆ ಹೇಳ್ತಾನೆ, ನಂಗೆ ಹೇಳಲ್ಲ. ಶುಕ್ರವಾರದೊಳಗೆ ಸರಿಹೋಗದಿದ್ರೆ ನನ್ನ ಹೊರಗೆ ಕೂರಿಸ್ತೀನಿ ಅಂದ್ಲು."

"ಮೈಕೋಲೋ ಏನಂದ?"

"ಅವನೇ ಬಿಡ್ತಾನಂತೆ. ಬೇರೆಯವರ ಕೈಲಿ ಕೇಳಿದೆ. ಅವನಿಗೆ ಸಿಕ್ಕಿರೋ ಮೊದಲನೇ ದೊಡ್ಡ ಕೆಲಸ ಅತ್ತೆ. ಅದಕ್ಕೇ ಅವನಿಗಿಂತ ಮೊದ್ಲು ನಾನೇ ಬಿಟ್ಟುಬಿಡ್ತೀನಿ. ಅದೇ ಮರ್ಯಾದೆ ಅಲ್ವಾ?"

ಮರ್ಯಾದೆ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬಾಗಿಲ ಹತ್ತಿರದ ಗುಂಡನ್ನು ನೋಡಿದೆ. ಇದೇ ಮಾತನ್ನು ಇದೇ ಮರ್ಯಾದೆಯ ಮುಖ ಹೊತ್ತು ಒಮ್ಮೆ ನಾನೂ ಹೇಳಿದ್ದೆ.

ನನ್ನ ಅಪ್ಪ ಟೋಂಗಾದಿಂದ ಇಲ್ಲಿಯ ಓಟಾಹುಹುವಿನ ಮಾಂಸದ ಕಾರ್ಖಾನೆಗೆ ಕೂಲಿಗೆ ಬಂದವನು. ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿದು ನಮ್ಮವರನ್ನು ಹಿಡಿದು ದ್ವೀಪಕ್ಕೆ ವಾಪಸು ಕಳಿಸುತ್ತಿದ್ದ ಕಾಲ. ಶನಿವಾರ ಚರ್ಚಿನ ತಂಡಕ್ಕೆ ರಗ್ಬಿ ಆಡುತ್ತಿದ್ದ. ಮೈದಾನದವರೆಗೂ ಸೊಂಟಕ್ಕೆ ಚಾಪೆ ಸುತ್ತಿಕೊಂಡೇ ನಡೆದು ಹೋಗುತ್ತಿದ್ದ, ಅಲ್ಲಿ ಬಿಚ್ಚಿ ಮಡಿಸಿಟ್ಟು ಬರಿಗಾಲಲ್ಲಿ ಆಡುತ್ತಿದ್ದ, ಮುಗಿದ ಮೇಲೆ ಕೆಸರಿನ ಮೈಗೇ ಮತ್ತೆ ಸುತ್ತಿಕೊಳ್ಳುತ್ತಿದ್ದ. ದಾರಿಯಲ್ಲಿ ಹುಡುಗರು ನಗುತ್ತಿದ್ದರು. ನಕ್ಕವರ ಕಡೆ ಅಪ್ಪ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ.

ನಾನು ಗುಂಡು ಎಸೆಯುತ್ತಿದ್ದೆ, ಈಗ ಬಾಗಿಲಿಗೆ ಒತ್ತಿಟ್ಟ ಇದೇ ಗುಂಡು. ಹದಿನೆಂಟು ವರ್ಷಕ್ಕೆ ನಮ್ಮ ಕ್ಲಬ್ಬಿನಲ್ಲಿ ನನ್ನಷ್ಟು ದೂರ ಎಸೆಯುವ ಹುಡುಗಿ ಇರಲಿಲ್ಲ, ಇದು ಜಂಬವಲ್ಲ, ಇದ್ದ ಸಂಗತಿ. ಮುಂದಿನ ವರ್ಷ ದೇಶದ ಆಯ್ಕೆಗೆ ಹೋಗು ಅಂದಿದ್ದರು. ಅಷ್ಟರಲ್ಲಿ ನನಗಿಂತ ಒಂದು ವರ್ಷ ಚಿಕ್ಕವನು, ನನ್ನ ತಮ್ಮ ಫೆಲೇತಿ, ರಗ್ಬಿಗೆ ಓಟ ಚುರುಕಾಗಲಿ ಎಂದು ಅದೇ ಕ್ಲಬ್ಬು ಸೇರಿದ. ಅದೇ ಮೈದಾನ, ಅದೇ ಸಂಜೆ. ಊಟದ ಹೊತ್ತಿಗೆ ಅಪ್ಪ ಪ್ರಾರ್ಥನೆ ಮುಗಿಸಿ ತಟ್ಟೆಗೆ ಕೈ ಹಾಕದೆ ಕೂತ. ಯಾರೂ ಏನೂ ಹೇಳುವ ಮೊದಲೇ ನಾನು, "ನಾನು ಬಿಡ್ತೀನಿ" ಅಂದೆ. ಚರ್ಚಿನ ಹೆಂಗಸರೆಲ್ಲ ನನ್ನನ್ನು ಹೊಗಳಿದರು. ಎಂಥ ಸಂಸ್ಕಾರದ ಹುಡುಗಿ ಅಂದರು. ಹೊಗಳಿಕೆಯಿಂದ ಗುಂಡು ಒಂದಿಂಚೂ ಮುಂದೆ ಹೋಗುವುದಿಲ್ಲ.

ಫೆಲೇತಿ ದೊಡ್ಡವನಾದ. ಆಕ್ಲೆಂಡಿಗೆ ಆಡಿದ, ಆಮೇಲೆ ಜಪಾನಿಗೆ ಹೋಗಿ ದುಡ್ಡಿಗೆ ಆಡಿದ. ಅವನ ಹೆಸರು ಹೇಳಲು ಬಾರದವರು ಫ್ರೆಡ್ ಅಂದರು, ಅವನೂ ಓಗೊಟ್ಟ. ಭಾನುವಾರವೂ ಆಡಿದ. ಅಪ್ಪನ ಚಾಪೆ ಅವನ ಕಾರಿನ ಡಿಕ್ಕಿಯಲ್ಲಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಅವನು ತಂದದ್ದರಲ್ಲಿ ನಮ್ಮ ಇಡೀ ಕುಟುಂಬಕ್ಕೆ ಸೂರು ಆಯಿತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಪದ್ಧತಿ ತಪ್ಪು ಎಂದೂ ನಾನು ಒಂದು ದಿನ ಅಂದುಕೊಂಡವಳಲ್ಲ. ನಮ್ಮಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗಿಂತ ಮೇಲು, ವಯಸ್ಸು ಎಷ್ಟೇ ಇರಲಿ. ಮೇಲಿನವಳೇ ಯಾಕೆ ಎದ್ದು ಹೋಗಬೇಕು ಅನ್ನುವುದೊಂದು ನನಗೆ ಇವತ್ತಿಗೂ ತಿಳಿದಿಲ್ಲ.

"ಏಳು" ಅಂದೆ ನೇಸಿಗೆ. "ಕಾರು ತೆಗಿ."

"ಎಲ್ಲಿಗೆ?"

"ನಿಮ್ಮಪ್ಪನ ಮನೆಗೆ. ನಿನಗೆ ಬೇಕಾದ್ರೆ ಹೊರಗೇ ಕೂತಿರು."

ನಾನು ಬಂದದ್ದು ತಿಳಿದ ಕೂಡಲೇ ಫೆಲೇತಿ ಹಿಂಬಾಗಿಲಿನಿಂದ ಹಿತ್ತಲಿಗೆ ಹೋದ. ಇದು ನಮ್ಮಿಬ್ಬರ ನಡುವಿನ ಹಳೆಯ ಕ್ರಮ. ಮದುವೆ ಸಾವುಗಳಲ್ಲಿ ಎದುರಾದರೆ ತಲೆ ಬಾಗಿಸಿ ದಾರಿ ಬಿಡುತ್ತಾನೆ. ಮಾತೇನಿದ್ದರೂ ಅವನ ಹೆಂಡತಿ ಮೆಲಿಯಾಮೆಯ ಬಾಯಿಂದ ಬರುತ್ತದೆ, ಅವಳ ಕಿವಿಯಿಂದ ಹೋಗುತ್ತದೆ. ಪಾಪ, ನಮ್ಮಿಬ್ಬರ ನಡುವೆ ಸಿಕ್ಕಿ ಅವಳು ಅರ್ಧ ಆಯಸ್ಸು ಅಂಚೆಯವಳಾಗಿ ಕಳೆದಿದ್ದಾಳೆ.

ಮೈಕೋಲೋ ಗ್ಯಾರೇಜಿನಲ್ಲಿದ್ದ. ನನ್ನನ್ನು ಕಂಡು ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ನಮ್ಮಲ್ಲಿ ಅಪ್ಪನ ಅಕ್ಕ ಬಂದರೆ ಮಕ್ಕಳು ಹಾಗೇ ಮಾಡಬೇಕು. ಆ ಮನೆಯ ಮಕ್ಕಳ ಮೇಲೆ ನನ್ನ ಮಾತೇ ಕೊನೆಯ ಮಾತು, ಅವರಪ್ಪನದೂ ಅಲ್ಲ. ಇಂಥ ಅಧಿಕಾರ ಇದ್ದರೂ ನಾನು ಅದನ್ನು ಹೆಚ್ಚಾಗಿ ಹಂದಿಯ ಒಳ್ಳೆಯ ತುಂಡು ಇಸಿದುಕೊಳ್ಳುವುದಕ್ಕೇ ಬಳಸಿದ್ದೆ.

"ಕೆಲಸ ಬಿಡ್ತೀಯಂತೆ?"

"ಇನ್ನೇನ್ ಮಾಡ್ಲಿ ಅತ್ತೆ. ಅವಳು ಆಡ್ಬೇಕು. ನಂಗೇನು, ಬೇರೆ ಕಡೆ ಸಿಗುತ್ತೆ."

"ಅವಳೂ ಬಿಡ್ತಾಳಂತೆ, ನಿನಗೋಸ್ಕರ. ಇಬ್ರೂ ಬಿಟ್ಟು ಹೋಗಿ. ಸಮೋವಾದವರು ಗೆದ್ದ ಖುಷಿಗೆ ಎರಡು ಹಂದಿ ಜಾಸ್ತಿ ಕೊಯ್ತಾರೆ." ನಾನೇ ಮತ್ತೆ ಕೇಳಿದೆ. "ಅವಳ ಒದೆತ ಯಾಕೆ ತಪ್ತಿದೆ, ನಿನಗೆ ಗೊತ್ತಾ?"

"ಗೊತ್ತು."

"ಹೇಗೆ ಗೊತ್ತು? ಅವಳ ಕಡೆ ತಿರುಗೂ ನೋಡಲ್ವಲ್ಲ ನೀನು."

"ಸದ್ದು ಕೇಳುತ್ತಲ್ಲ" ಅಂದ. "ಚಿಕ್ಕವರಿದ್ದಾಗ ಇಲ್ಲೇ ಪಾರ್ಕಲ್ಲಿ ಅವಳು ಒದೀತಿದ್ಲು, ನಾನು ಓಡಿ ಚೆಂಡು ತರ್ತಿದ್ದೆ. ಒದ್ದ ಸದ್ದಿಗೇ ಓಡೋಕೆ ಶುರುಮಾಡ್ತಿದ್ದೆ, ಎಲ್ಲಿ ಬೀಳುತ್ತೆ ಅಂತ ಗೊತ್ತಾಗ್ತಿತ್ತು. ಈಗ ಎಡಗಡೆಯಿಂದ ಒದ್ರೆ ಸದ್ದು ಒಡಕು. ನೆಲಕ್ಕೆ ಊರುವ ಕಾಲು ತಡವಾಗಿ ಬೀಳ್ತಿದೆ. ಇಷ್ಟೇ ಅತ್ತೆ. ಇಷ್ಟು ಹೇಳೋಕಾಗದೆ ಹೊಟ್ಟೆಯಲ್ಲಿ ಇಟ್ಕೊಂಡು ಒದ್ದಾಡ್ತಿದೀನಿ."

ಅವನ ಕಣ್ಣು ಒದ್ದೆಯಾಗಿತ್ತು. ಗಂಡಸು, ಎತ್ತಿನಂಥ ಮೈ. ನನಗೆ ಹೆಮ್ಮೆಯೋ ದುಃಖವೋ ಒಂದೂ ತಿಳಿಯಲಿಲ್ಲ. ಭಾಷೆ ಬಾರದು, ಪ್ರಾರ್ಥನೆಗೆ ಬರುವವನಲ್ಲ, ಆದರೆ ತಂಗಿಯ ಮುಂದೆ ಬಾಯಿ ತೆರೆಯಲಾಗದೆ ಅಳುವ ಹುಡುಗ. ಇದನ್ನು ಇವನಿಗೆ ಯಾರು ಕಲಿಸಿದರು?

"ನಾಳೆ ನಾನು ಬರ್ತೀನಿ" ಅಂದೆ. "ಯಾರೂ ಎಲ್ಲಿಗೂ ಹೋಗಲ್ಲ."

ಮರುದಿನ ಮೈದಾನಕ್ಕೆ ಮಡಿಸುವ ಕುರ್ಚಿ, ಛತ್ರಿ, ಡಬ್ಬಿಯಲ್ಲಿ ಬೇಯಿಸಿದ ಮರಗೆಣಸು ತೆಗೆದುಕೊಂಡು ಹೋದೆ. ಸೊಂಟಕ್ಕೆ ಒಳ್ಳೆಯ ಚಾಪೆ ಸುತ್ತಿದ್ದೆ, ಯಾಕೆಂದರೆ ಅದು ನನ್ನ ಲೆಕ್ಕದಲ್ಲಿ ಸಭೆಯೇ. ಬ್ರೆಂಡಾ ಬಿಳಿಯ ಹೆಂಗಸು, ಬಿಸಿಲಿಗೆ ಮೂಗು ಸುಲಿದಿತ್ತು. ಕೆಟ್ಟವಳಲ್ಲ. ಗೊತ್ತಿಲ್ಲದವಳು, ಅಷ್ಟೇ.

"ಇವರಿಬ್ಬರಿಗೂ ಜಗಳ ಏನು ಅಂತ ನನಗೆ ಗೊತ್ತಾಗಬೇಕು" ಅಂದಳು.

"ಜಗಳ ಇದ್ದಿದ್ರೆ ಮಾತಾಡ್ತಿದ್ರು" ಅಂದೆ. "ಇದು ಗೌರವ. ನಮ್ಮಲ್ಲಿ ತಂಗಿ ಅಂದ್ರೆ ಅಣ್ಣನಿಗಿಂತ ಎತ್ತರ. ಎತ್ತರದಲ್ಲಿರೋರ ಕಾಲು ನೋಡ್ತಾ ನಿಲ್ಲೋದು, ತಪ್ಪು ಎತ್ತಿ ಆಡೋದು ಅವನಿಗೆ ಆಗಲ್ಲ."

"ಇದು ಎಷ್ಟು ದಿನ ಇರುತ್ತೆ?"

"ಸಾಯೋವರೆಗೂ. ಆದ್ರೆ ನಿಮಗೆ ಬೇಕಾಗಿರೋದು ಮುಂದಿನ ಶನಿವಾರದವರೆಗೆ ತಾನೇ. ಅಷ್ಟು ನಾನು ನೋಡ್ಕೋತೀನಿ."

ಅವಳು ನನ್ನ ಚಾಪೆ ನೋಡಿದಳು, ಛತ್ರಿ ನೋಡಿದಳು, ಕೊನೆಗೆ ಗಡಿಯಾರ ನೋಡಿದಳು. "ನಾಳೆ ಸಂಜೆವರೆಗೆ ಸಮಯ ಕೊಡ್ತೀನಿ. ಅವಳ ಎಡಗಡೆ ಸರಿಯಾಗಬೇಕು" ಅಂದಳು.

ನಾನು ಮಾಡಿದ ವ್ಯವಸ್ಥೆ ಇಷ್ಟೇ. ನೇಸಿ ಚೆಂಡು ಇಟ್ಟು ಒದೆಯುವುದು. ಮೈಕೋಲೋ ಅವಳಿಗೆ ಬೆನ್ನು ಹಾಕಿ ಮುಂದೆ, ಒಂದು ಪಕ್ಕಕ್ಕೆ, ಕಂಬಗಳ ಕಡೆ ಮುಖ ಮಾಡಿ ನಿಲ್ಲುವುದು. ಸದ್ದು ಕೇಳುತ್ತಾನೆ, ಚೆಂಡು ತಲೆಯ ಮೇಲಿಂದ ಹಾರಿ ಹೋಗುವುದನ್ನು ನೋಡುತ್ತಾನೆ, ಅವಳನ್ನಲ್ಲ. ನಡುವೆ ಕುರ್ಚಿ ಹಾಕಿಕೊಂಡು ನಾನು. ಅವನು ನನಗೆ ಹೇಳುವುದು, ನಾನು ಅವಳಿಗೆ.

"ಊರೋ ಕಾಲು ತಡ ಅಂತ ಹೇಳಿ ಅತ್ತೆ."

"ಊರೋ ಕಾಲು ತಡವಂತೆ. ರಾತ್ರಿಯೆಲ್ಲ ಮೊಬೈಲ್ ನೋಡಿದ್ರೆ ಕಾಲು ತಡವಾಗದೆ ಇನ್ನೇನಾಗುತ್ತೆ."

"ಮೊಬೈಲ್ ಅಂತ ನಾನು ಹೇಳಲಿಲ್ಲ ಅತ್ತೆ."

"ಅದು ನನ್ನ ಕಡೆಯಿಂದ. ನೀನು ಕಂಬ ನೋಡು."

ತಂಡದ ಹುಡುಗಿಯರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಹಿಂದೆ ಹುಲ್ಲಿನ ಮೇಲೆ ಕೂತರು. ಅವರಲ್ಲಿ ಬಹಳ ಜನಕ್ಕೆ ಅಣ್ಣತಮ್ಮಂದಿರಿದ್ದರು. ಒಬ್ಬಳಂತೂ, ತನ್ನ ಅಣ್ಣ ಇದುವರೆಗೂ ತನ್ನ ಆಟ ನೋಡಲು ಬಂದಿಲ್ಲ, ಬರಬೇಡ ಎಂದು ತಾನೇ ಹೇಳಿ ಕಳಿಸಿದ್ದೇನೆ ಅಂದಳು. ಅಂದು ನನ್ನ ಡಬ್ಬಿಯ ಮರಗೆಣಸು ಪೂರ್ತಿ ತಿಂದಳು.

ಗುರುವಾರ ಪೂರ್ತಿ ಹೀಗೇ ಹೋಯಿತು. ಕಾಲು ಹೊತ್ತಿಗೆ ಸರಿಯಾಗಿ ಬೀಳತೊಡಗಿತು, ಆದರೆ ಚೆಂಡು ಕಂಬದವರೆಗೆ ಹೋಗಿ ಸೊರಗುತ್ತಿತ್ತು. ಶುಕ್ರವಾರ ನನಗೆ ತಡೆಯಲಾಗಲಿಲ್ಲ. ಎದ್ದು ನೇಸಿಯ ಹತ್ತಿರ ಹೋದೆ. ಅವಳ ಮೈ ನೋಡುವುದಕ್ಕೆ ನನಗೇನೂ ಅಡ್ಡಿಯಿಲ್ಲವಲ್ಲ.

"ಕಾಲಿಂದ ಒದೀತಿದೀಯ" ಅಂದೆ.

"ಇನ್ನೆಲ್ಲಿಂದ ಒದೀಲಿ ಅತ್ತೆ?"

"ನೆಲದಿಂದ. ನೆಲಾನ ಮೊದ್ಲು ಒತ್ತು. ಅದು ಹಿಮ್ಮಡಿಗೆ ಬರುತ್ತೆ, ಸೊಂಟಕ್ಕೆ ಬರುತ್ತೆ. ಸೊಂಟ ಮೊದ್ಲು ತಿರುಗ್ಬೇಕು, ಕಾಲು ಆಮೇಲೆ ತಾನಾಗೇ ಬರುತ್ತೆ. ಕಾಲಿಗೆ ಆತುರ ಇರಬಾರದು." ಅವಳ ಸೊಂಟ ಹಿಡಿದು ತಿರುಗಿಸಿ ತೋರಿಸಿದೆ. ನನ್ನ ಬಲಗೈ ಎಷ್ಟೋ ವರ್ಷದ ಮೇಲೆ ತಾನಾಗಿಯೇ ಕುತ್ತಿಗೆಯ ಹತ್ತಿರ ಹೋಗಿ ಗುಂಡು ಹಿಡಿದಂತೆ ನಿಂತಿತ್ತು. ಯಾರಾದರೂ ನೋಡಿದರೋ ಎಂದು ಕೈ ಇಳಿಸಿದೆ.

ಅವಳು ಒದ್ದಳು. ಮೈಕೋಲೋ ಬೆನ್ನು ಹಾಕಿಕೊಂಡೇ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಚೆಂಡು ಕಂಬಗಳ ನಡುವೆ ಹಾಯ್ದು, ಆಚೆಯ ಬೇಲಿಯನ್ನೂ ದಾಟಿತು.

"ಅತ್ತೆ, ಅವಳಿಗೆ ಏನು ಹೇಳಿದ್ರಿ?"

"ಅದು ಹೆಂಗಸರ ಮಾತು, ನಿನಗ್ಯಾಕೆ."

ಆ ಸಂಜೆ ಬ್ರೆಂಡಾ ನನ್ನ ಕುರ್ಚಿಯನ್ನು ತಾನೇ ಮಡಿಸಿ ಕಾರಿನವರೆಗೆ ಹೊತ್ತು ತಂದಳು. "ಸೋಮವಾರವೂ ಬರ್ತೀರಲ್ಲ?" ಅಂದಳು. ಹೋದೆ. ವಾರವಿಡೀ ಹೋದೆ.

ಪಂದ್ಯದ ದಿನ ಕ್ರೀಡಾಂಗಣ ಅರ್ಧ ಕೆಂಪು, ಅರ್ಧ ನೀಲಿ. ಸಿನಿವಾ ನಮ್ಮ ಕಾರಿನಲ್ಲೇ ಬಂದಳು, ನಮ್ಮ ಬಾಳೆಹಣ್ಣೇ ತಿಂದಳು, ಇಳಿದ ಕೂಡಲೇ ನೀಲಿ ಕಡೆ ಹೋಗಿ ಕೂತಳು. ನಾನು ನಮ್ಮ ಕಡೆಯ ಮುಂದಿನ ಸಾಲಿನಲ್ಲಿ ಕೂತೆ, ಪಕ್ಕದಲ್ಲಿ ಮೆಲಿಯಾಮೆ. ಫೆಲೇತಿ ಆಚೆ ತುದಿಯಲ್ಲಿ, ನಡುವೆ ಅರ್ಧ ಚರ್ಚು.

ಆಟ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ಅರ್ಧ ಹೊತ್ತು ಕಣ್ಣು ಮುಚ್ಚಿದ್ದೆ, ಇನ್ನರ್ಧ ಹೊತ್ತು ತೀರ್ಪುಗಾರನ ಮನೆತನವನ್ನೆಲ್ಲ ಜಾಲಾಡುತ್ತಿದ್ದೆ. ಇಷ್ಟು ಗೊತ್ತು: ಕೊನೆಯ ನಿಮಿಷಕ್ಕೆ ನಾವು ಎರಡು ಅಂಕ ಹಿಂದಿದ್ದೆವು, ಸಮೋವಾದವರು ಒಂದು ತಪ್ಪು ಮಾಡಿದರು, ನಮಗೆ ಒಂದು ಒದೆತ ಸಿಕ್ಕಿತು. ಹೋದರೆ ಮೂರು ಅಂಕ, ವಿಶ್ವಕಪ್ಪು. ಹೋಗದಿದ್ದರೆ ಮುಗಿಯಿತು. ಜಾಗ ಎಡಗಡೆ. ಹಾಳು ಎಡಗಡೆ.

ಚೆಂಡು ನಿಲ್ಲಿಸಲು ಸಿಂಬಿಯಂಥದ್ದೊಂದು ಪ್ಲಾಸ್ಟಿಕ್ಕಿನ ವಸ್ತು ಇರುತ್ತದೆ. ಅದನ್ನು ಒದೆಯುವವರಿಗೆ ಓಡಿ ಹೋಗಿ ಕೊಡುವುದು ಒದೆತ ಕಲಿಸುವವನ ಕೆಲಸ. ಆವರೆಗೆ ಬೇರೊಬ್ಬ ಹುಡುಗಿ ಓಡುತ್ತಿದ್ದಳು. ಈ ಸಲ ಅವಳು ಸಿಂಬಿಯನ್ನು ಮೈಕೋಲೋ ಕೈಗೆ ಕೊಟ್ಟಳು. ಅವನು ಎದ್ದು ಬಂದಾಗ ನಾನು ಮೆಲಿಯಾಮೆಯ ತೋಳು ಹಿಡಿದೆ. ತಂಡದ ಕೆಂಪು ಉಡುಪಿನ ಮೇಲೆ ಅವನು ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದ. ಅಂಚು ಹರಿದು ನೂಲು ನೂಲಾದ, ಕೆಸರಿನ ಕಲೆ ಹೋಗದ, ನನ್ನ ಅಪ್ಪನ ಚಾಪೆ.

"ಅದು ಇವನಿಗೆ ಎಲ್ಲಿ ಸಿಕ್ತು?"

"ಬೆಳಗ್ಗೆ ಅವರಪ್ಪ ಡಿಕ್ಕಿಯಿಂದ ತೆಗೆದುಕೊಟ್ರು ಅತ್ತಿಗೆ" ಅಂದಳು ಮೆಲಿಯಾಮೆ. "ತಾವೇ ಸುತ್ತಿದ್ರು."

ಮೈಕೋಲೋ ಓಡಲಿಲ್ಲ, ನಡೆದ. ಚರ್ಚಿನಲ್ಲಿ ನಡೆಯುವ ಹಾಗೆ. ನೇಸಿಯ ಹತ್ತಿರ ಹೋಗಿ ಸಿಂಬಿಯನ್ನು ಕೈಗೆ ಕೊಡದೆ ಹುಲ್ಲಿನ ಮೇಲೆ ಇಟ್ಟ. ಅವಳ ಹಿಂದೆ ಬಂದು, ಅವಳಿಗೆ ಬೆನ್ನು ತಿರುಗಿಸಿ, ಕಾಲು ಮಡಿಸಿ ನೆಲದ ಮೇಲೆ ಕೂತು ತಲೆ ಬಾಗಿಸಿದ. ಅಷ್ಟು ದೊಡ್ಡ ಮೈದಾನದ ನಡುವೆ, ಇಡೀ ದೇಶ ಟಿವಿಯಲ್ಲಿ ನೋಡುತ್ತಿರುವಾಗ.

ಪಾಪ, ಅವನಿಗೆ ನೋಡುವ ಧೈರ್ಯವಿಲ್ಲ ಎಂದು ಧ್ವನಿವರ್ಧಕದವನು ತಮಾಷೆ ಮಾಡಿದ. ಗೊತ್ತಿಲ್ಲದವರು ನಕ್ಕರು. ನಮ್ಮ ಕಡೆಯಲ್ಲಿ ಒಬ್ಬರೂ ನಗಲಿಲ್ಲ. ನನ್ನ ಹಿಂದೆ ಒಬ್ಬ ಮುದುಕಿ ಬಿಕ್ಕಿದಳು. ಆಚೆಯ ನೀಲಿ ಕಡೆಯೂ ಸದ್ದು ಇಳಿಯಿತು, ಅವರಲ್ಲೂ ಅಕ್ಕತಂಗಿಯರೆಂದರೆ ಸುಮ್ಮನೆಯಲ್ಲ.

ನೇಸಿ ಚೆಂಡು ನಿಲ್ಲಿಸಿದಳು. ಹಿಂದೆ ಬಂದಳು. ನಾನು ಉಸಿರು ಕಟ್ಟಿ, "ನೆಲ ಒತ್ತು, ನೆಲ ಒತ್ತು" ಅಂದುಕೊಂಡೆ. ಅವಳು ಮೂರು ಹೆಜ್ಜೆ ಓಡಿ ಒದ್ದಳು.

ನಾನು ಚೆಂಡು ನೋಡಲಿಲ್ಲ. ಮೈಕೋಲೋನ ಮುಖ ನೋಡಿದೆ, ಅದು ನಮ್ಮ ಕಡೆಗೇ ಇತ್ತು. ಆ ಸದ್ದು ಅವನ ಕಿವಿಗೆ ಬಿದ್ದದ್ದೇ ತಡ ಅವನ ಮುಖ ಅರಳಿತು. ಚೆಂಡು ಇನ್ನೂ ಗಾಳಿಯಲ್ಲಿತ್ತು, ಕಂಬಗಳ ಕೆಳಗೆ ಬಾವುಟ ಹಿಡಿದು ನಿಂತ ತೀರ್ಪುಗಾರರು ಇನ್ನೂ ಕತ್ತೆತ್ತಿ ನೋಡುತ್ತಿದ್ದರು. ಅವನು ತಿರುಗಿಯೂ ನೋಡದೆ ಎರಡೂ ಕೈ ಮೇಲೆತ್ತಿದ. ಆಮೇಲೆ ಅಂಕ ಸಿಕ್ಕಿತೆಂದು ಬಾವುಟಗಳು ಎದ್ದವು.

ಆಮೇಲಿನದ್ದು ಕಿರುಚಾಟ. ನಾನು ಅತ್ತುಬಿಟ್ಟೆ. ಮುಚ್ಚಿಟ್ಟುಕೊಳ್ಳುವುದೇನಿದೆ, ಮೂಗು ಸೋರುವಷ್ಟು ಅತ್ತೆ. ನಮ್ಮ ಮಕ್ಕಳು, ನಮ್ಮ ಹೊಟ್ಟೆಯ ಮಕ್ಕಳು, ಏನನ್ನೂ ಕಳಕೊಂಡಿರಲಿಲ್ಲ. ಹುಡುಗಿಯರೆಲ್ಲ ನೇಸಿಯನ್ನು ಎತ್ತಿಕೊಂಡರು. ಅಣ್ಣ ದೂರ ನಿಂತು ನೆಲ ನೋಡುತ್ತಾ ನಗುತ್ತಿದ್ದ.

ಸಂಜೆ ಚರ್ಚಿನ ಸಭಾಂಗಣದಲ್ಲಿ ಊಟ. ಇನ್ನೂ ಒಳ್ಳೆಯ ಬೆಳಕಿತ್ತು, ಬಾಗಿಲುಗಳೆಲ್ಲ ತೆರೆದಿದ್ದವು. ನನ್ನನ್ನು ಮೇಲಿನ ತುದಿಯಲ್ಲಿ ಒಳ್ಳೆಯ ಚಾಪೆಯ ಮೇಲೆ ಕೂರಿಸಿ ಹಂದಿಯ ಬೆನ್ನಿನ ತುಂಡು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆಯ ಪೊಟ್ಟಣ ಎಲ್ಲ ಮೊದಲು ನನ್ನ ಮುಂದೆ ಇಟ್ಟರು. ಇನ್ನೇನು ಬಾಯಿಗಿಡಬೇಕು, ಫೆಲೇತಿ ಮಾತಾಡಲು ಎದ್ದ. ನನ್ನ ತಮ್ಮನ ಭಾಷಣ ಅಂದರೆ ಊಟ ಆರುವುದು ಗ್ಯಾರಂಟಿ.

ದೇವರಿಗೆ ವಂದಿಸಿದ, ಪಾದ್ರಿಗೆ ವಂದಿಸಿದ, ಬ್ರೆಂಡಾಗೆ ವಂದಿಸಿದ. ಮಕ್ಕಳ ಹೆಸರು ಹೇಳಲಿಲ್ಲ. ಯಾರ ಕಡೆಯೂ ನೋಡದೆ ಹೇಳಿದ.

"ಈ ಮನೆತನದಲ್ಲಿ ಆಟಗಾರ ಯಾರು ಅಂತ ಕೇಳಿದ್ರೆ ಎಲ್ರೂ ನನ್ನ ಕಡೆ ಕೈ ತೋರಿಸ್ತಿದ್ರು. ನಾನೂ ಸುಮ್ನಿರ್ತಿದ್ದೆ. ನಾನು ಕ್ಲಬ್ಬಿಗೆ ಸೇರಿದ ದಿನ, ನನಗಿಂತ ದೊಡ್ಡ ಆಟಗಾರ್ತಿ ಒಬ್ಬಳು ಅಲ್ಲಿಂದ ಎದ್ದು ಹೋದ್ಲು. ಅವಳು ಎತ್ತರದವಳು, ನಾನು ಕೆಳಗಿನವನು. ಆದ್ರೂ ಅವಳೇ ಹೋದ್ಲು. ಯಾಕೆ ಅಂತ ನನಗೆ ಗೊತ್ತಿತ್ತು. ಏನು ಮಾಡ್ಬೇಕು ಅನ್ನೋದು ಗೊತ್ತಿರಲಿಲ್ಲ." ಮೈಕೋಲೋ ಕೂತ ಕಡೆ ಕೈ ತೋರಿಸಿದ. "ಇವತ್ತು ನನ್ನ ಮಗ ತೋರಿಸಿದ. ಬೆನ್ನು ತಿರುಗಿಸಿ ಕೂತಿದ್ರೆ ಸಾಕಾಗಿತ್ತು. ಅಷ್ಟೇ ಮಾಡ್ಬೇಕಾಗಿತ್ತು ನಾನು."

ನಾನು ಕೆಸುವಿನ ಎಲೆಯನ್ನೇ ನೋಡುತ್ತಾ ಕೂತೆ. ಇಷ್ಟು ವರ್ಷ ಈ ಮಾತು ಬೇಕಾಗಿತ್ತು ಎಂದು ನನಗೇ ತಿಳಿದಿರಲಿಲ್ಲ.

ಫೆಲೇತಿ ಮೆಲ್ಲಗೆ ಹೊರಗೆ ಹೋದ. ಚರ್ಚಿನ ಮುಂದಿನ ಹುಲ್ಲಿನ ಮೇಲೆ, ನಮಗೆಲ್ಲ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ, ಕಾಲು ಮಡಿಸಿ ಕೂತ. ಅರವತ್ತರ ಹತ್ತಿರದವನು, ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾದವನು.

ಯಾರಿಗೂ ಏನೂ ಹೊಳೆಯಲಿಲ್ಲ. ನೇಸಿಗೆ ಹೊಳೆಯಿತು. ಅವಳು ಎದ್ದು ನನ್ನ ಕಾರಿನ ಬೀಗದ ಕೈ ತೆಗೆದುಕೊಂಡು ಓಡಿದಳು. ನಮ್ಮ ಮನೆ ಅಲ್ಲೇ ಪಕ್ಕದ ಬೀದಿಯಲ್ಲಿ. ವಾಪಸು ಬಂದಾಗ ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು, ನನ್ನ ಗುಂಡು.

"ಬಾಗಿಲು ಬಡ್ಕೊಳ್ತಿದೆ ಅತ್ತೆ, ಬೇಗ" ಅಂದಳು.

"ತಲೆ ಕೆಟ್ಟಿದೆಯೇನೇ. ಈ ವಯಸ್ಸಲ್ಲಿ, ಚರ್ಚಿನ ಮುಂದೆ, ಚಾಪೆ ಉಟ್ಕೊಂಡು."

"ನೆಲ ಒತ್ತಿ ಸಾಕು. ಸೊಂಟ ತಾನಾಗೇ ಬರುತ್ತೆ."

ನನ್ನ ಮಾತೇ ನನಗೆ ತಿರುಗಿ ಬಂತು. ಹುಲ್ಲಿಗೆ ಇಳಿದೆ. ಎಲ್ಲರೂ ಬಾಗಿಲಲ್ಲಿ ಬಂದು ನಿಂತರು, ಸಿನಿವಾ ಕೂಡ, ಕೈಯಲ್ಲಿ ನಮ್ಮ ಹಂದಿಯ ತುಂಡು ಹಿಡಿದುಕೊಂಡೇ. ಗುಂಡನ್ನು ಕುತ್ತಿಗೆಗೆ ಆನಿಸಿದೆ. ತಣ್ಣಗಿತ್ತು. ಫೆಲೇತಿ ಒಂದು ಪಕ್ಕಕ್ಕೆ ದೂರದಲ್ಲಿ ಅಲುಗದೆ ಕೂತಿದ್ದ, ಕತ್ತಿನ ಹಿಂದೆ ಕೂದಲೆಲ್ಲ ಬೆಳ್ಳಗಾಗಿದ್ದವು. ಅದನ್ನು ನಾನು ಅವತ್ತೇ ನೋಡಿದ್ದು.

ನೆಲ ಒತ್ತಿದೆ. ಸೊಂಟ ತಿರುಗಿತು. ಗುಂಡು ಕೈಬಿಟ್ಟು ಹೋಯಿತು, ಹುಲ್ಲಿಗೆ ಬಿದ್ದ ಸದ್ದು ದಪ್ಪಗೆ ಕೇಳಿಸಿತು. ದೂರವೇನೂ ಹೋಗಿರಲಿಲ್ಲ. ಸೊಂಟದ ಚಾಪೆ ಅರ್ಧ ಬಿಚ್ಚಿ ಜೋತು ಬಿದ್ದಿತ್ತು.

ಫೆಲೇತಿ ಆ ಸದ್ದಿನಲ್ಲೇ ದೂರ ಅಳೆದವನಂತೆ ತಲೆಯಾಡಿಸಿದ. ತಿರುಗದೆ ಮಾತಾಡಿದ.

"ಮೆಲಿಯಾಮೆ, ಅಕ್ಕನಿಗೆ ಹೇಳು. ನೆಲ ಮೆತ್ತಗಿದೆ, ಇಲ್ಲಾಂದ್ರೆ ಇನ್ನೂ ದೂರ ಹೋಗ್ತಿತ್ತು."

ಮೆಲಿಯಾಮೆ ಬಾಯಿ ತೆರೆಯುವ ಮೊದಲೇ ಮೈಕೋಲೋ ಓಡಿ ಹೋಗಿ ಗುಂಡು ತಂದು ನನ್ನ ಕೈಗಿತ್ತ. ನಾನು ಚಾಪೆಯನ್ನು ಬಿಗಿಯಾಗಿ ಕಟ್ಟಿಕೊಂಡೆ.

"ಮೆಲಿಯಾಮೆ" ಅಂದೆ, "ನಿನ್ನ ಗಂಡನಿಗೆ ಹೇಳು. ಇನ್ನೊಂದು ಸಲ ಎಸೀತೀನಿ. ಏಳಬೇಡ ಅಂತ ಹೇಳು ಅವನಿಗೆ."